ಪೇಟೆ ಬೀದಿಗೆ ಬಣ್ಣ ಬಳಿದವರು

ಇಂಡಿಯಾನಾ ರಾಜ್ಯದ ಕೊಲಂಬಸ್‌ಗೆ ಕಟ್ಟಡ ನೋಡಲೆಂದೇ ಜನ ಬರುತ್ತಾರೆ. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಮುಸುಕಿನ ಜೋಳ ಮತ್ತು ಸೋಯಾ ಹೊಲಗಳ ನಡುವೆ, 50 ಸಾವಿರದಷ್ಟು ಜನ ಇರುವ ಊರು ಇದು. ಇಷ್ಟು ಚಿಕ್ಕ ಊರಿನಲ್ಲಿ ಎಲಿಯಲ್ ಸಾರಿನೆನ್ ರೂಪಿಸಿದ ಚರ್ಚು, ಅವರ ಮಗ ಈರೋ ಸಾರಿನೆನ್ ರೂಪಿಸಿದ ಬ್ಯಾಂಕು, ಪ್ಯಾರಿಸ್ಸಿನ ಲೂವ್ರ್‌ಗೆ ಗಾಜಿನ ಪಿರಮಿಡ್ ಕಟ್ಟಿದ ಐ. ಎಂ. ಪೇ ಅವರ ಗ್ರಂಥಾಲಯ, ಅದರ ಮುಂದೆ ಹೆನ್ರಿ ಮೂರ್ ಅವರ ಕಂಚಿನ ಕಮಾನು. ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆ ಪಡೆದ ಕಟ್ಟಡಗಳೇ ಏಳಿವೆ. ಬಂದವರು ನಕ್ಷೆ ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ವಾಷಿಂಗ್ಟನ್ ಬೀದಿಯನ್ನು ದಾಟುತ್ತಾರೆ. ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತ ಹಳೆಯ ಪೇಟೆ ಬೀದಿ ಅದು. ಅಲ್ಲಿ ನಿಂತು ತಲೆ ಎತ್ತಿ ನೋಡುವವರು ಕಡಿಮೆ. ಎಂಜಿನ್ ಕಾರ್ಖಾನೆಯ ಕೆಲಸಕ್ಕೆ ಬಂದ ಗಂಡನ ಜೊತೆ ಈ ಊರಿಗೆ ಬಂದು ನೆಲೆಸಿದವಳು ನಾನು. ಮನೆಗೆ ಬಂದ ನೆಂಟರನ್ನು ಮೊದಲು ಕರೆದೊಯ್ಯುವುದು ಈ ಬೀದಿಗೇ. ಕೊಲಂಬಸ್ಸಿನ ನಿಜವಾದ ಜಾಣತನ ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊರು ಹುಟ್ಟಿದ್ದು 1821ರಲ್ಲಿ, ಎರಡು ಹೊಳೆಗಳು ಕೂಡಿ ವೈಟ್ ನದಿಯ ಪೂರ್ವ ಶಾಖೆಯಾಗುವ ಕಡೆ. ಜಾನ್ ಟಿಪ್ಟನ್ ಎಂಬ ಸೇನಾಧಿಕಾರಿಯ ಗೌರವಕ್ಕೆ ಮೊದಲು ಟಿಪ್ಟೋನಾ ಎಂದು ಕರೆದರು, ಅದೇ ವರ್ಷ ಹೆಸರು ಬದಲಾಯಿಸಿದರು. ಟಿಪ್ಟನ್ ಸಿಟ್ಟಾಗಿ ಊರು ಬಿಟ್ಟ ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ಮರದ ದಿಮ್ಮಿಯ ಮನೆಗಳ ಆ ಹಳ್ಳಿ ಪೇಟೆಯಾದದ್ದು 1844ರಲ್ಲಿ ರೈಲು ಬಂದ ಮೇಲೆ. ಓಹಾಯೋ ನದಿ ದಂಡೆಯ ಮ್ಯಾಡಿಸನ್ ಎಂಬ ಊರಿನಿಂದ ಇಂಡಿಯಾನಾಪೊಲಿಸ್‌ಗೆ ಹಾಕುತ್ತಿದ್ದ ಆ ಹಳಿ ಇಂಡಿಯಾನಾ ರಾಜ್ಯದ ಮೊದಲ ರೈಲು ಮಾರ್ಗ. ಹಂದಿ, ಜೋಳ, ಹಿಟ್ಟು ನದಿಯ ಕಡೆ ಹೋದವು. ನದಿಯ ಕಡೆಯಿಂದ ಬಟ್ಟೆ, ಗಾಜು, ಕಬ್ಬಿಣ ಬಂದವು.

ಈ ಕಬ್ಬಿಣದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಡ್‌ವೆಸ್ಟಿನ ಸಣ್ಣ ಊರುಗಳ ಅಂಗಡಿ ಸಾಲು ನೋಡಿದವರಿಗೆ ಎಲ್ಲ ಊರುಗಳೂ ಒಡಹುಟ್ಟಿದವರಂತೆ ಕಾಣುತ್ತವೆ. ಇದಕ್ಕೆ ರೈಲು ಮತ್ತು ಕ್ಯಾಟಲಾಗು ಕಾರಣ. ಇದೇ ರಾಜ್ಯದ ಇವಾನ್ಸ್‌ವಿಲ್‌ನಲ್ಲಿ ಜಾರ್ಜ್ ಮೆಸ್ಕರ್ ಕಂಪನಿ, ಸೇಂಟ್ ಲೂಯಿಸ್‌ನಲ್ಲಿ ಅವರ ಸೋದರರ ಕಂಪನಿ, ಅಂಗಡಿಯ ಮುಂಭಾಗವನ್ನೇ ಎರಕದ ಕಬ್ಬಿಣ ಮತ್ತು ಅಚ್ಚೊತ್ತಿದ ತಗಡಿನಲ್ಲಿ ಮಾಡಿ ಮಾರುತ್ತಿದ್ದವು. ವ್ಯಾಪಾರಿ ಕ್ಯಾಟಲಾಗು ನೋಡಿ ತನ್ನ ನಿವೇಶನದ ಅಗಲ ಬರೆದು ಕಳಿಸಿದರೆ ಸಾಕು. ಕಂಬಗಳು, ಕಿಟಕಿಯ ಮೇಲಿನ ಹುಬ್ಬು, ಗೋಡೆಯ ನೆತ್ತಿಯಲ್ಲಿ ಮುಂದಕ್ಕೆ ಚಾಚುವ ಕಾರ್ನಿಸು, ಎಲ್ಲವೂ ಗೂಡ್ಸ್ ಬಂಡಿಯಲ್ಲಿ ಬಂದಿಳಿಯುತ್ತಿದ್ದವು. ಊರಿನ ಮೇಸ್ತ್ರಿ ಇಟ್ಟಿಗೆ ಗೋಡೆ ಎಬ್ಬಿಸಿ ಅದಕ್ಕೆ ಈ ಮುಖ ಜೋಡಿಸುತ್ತಿದ್ದ. ಕಲ್ಲಿನ ಕೆತ್ತನೆಯೆಂದು ದೂರದಿಂದ ಕಾಣುವ ಎಷ್ಟೋ ಬಳ್ಳಿ ಹೂವು ಬಣ್ಣ ಬಳಿದ ತಗಡು. ಕೈಕೆಲಸ ಇಲ್ಲವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ನಗರದ ಸೊಬಗು ತನ್ನ ಬೀದಿಗೂ ಬೇಕು ಎಂದು ಹೊಲಗಳ ನಡುವಿನ ಒಬ್ಬ ಬಟ್ಟೆ ವ್ಯಾಪಾರಿ ಕಾಸು ಕೂಡಿಸಿ ತರಿಸಿದ್ದು ಅದು.

ಈ ಅಂಗಡಿಗಳ ಒಳರಚನೆಯೂ ಲೆಕ್ಕಾಚಾರದ್ದೇ. ನಿವೇಶನ ಬೀದಿಗೆ ಇಕ್ಕಟ್ಟು, ಹಿಂದಕ್ಕೆ ಬಲು ಉದ್ದ. ಎರಡೂ ಮಗ್ಗುಲಲ್ಲಿ ಪಕ್ಕದವರ ಗೋಡೆ ಇರುವುದರಿಂದ ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಅದಕ್ಕೇ ಕೆಳಗೆ ಇಡೀ ಅಗಲಕ್ಕೆ ಗಾಜು, ಗಾಜಿನ ಮೇಲೆ ಇನ್ನೊಂದು ಸಾಲು ಸಣ್ಣ ಗಾಜು. 1890ರ ದಶಕದ ನಂತರ ಈ ಮೇಲಿನ ಸಾಲಿಗೆ ಪಟ್ಟಕದಂಥ ಗೀರುಗಳಿರುವ ಗಾಜು ಬಂತು. ಅದು ಬಿಸಿಲನ್ನು ತಿರುಗಿಸಿ ಅಂಗಡಿಯ ಒಳಮೂಲೆಗೆ ಕಳಿಸುತ್ತಿತ್ತು. ಬೇಸಿಗೆಯ ಬಿಸಿಗಾಳಿ ಮೇಲೇರಲೆಂದು ಸೂರು ಎತ್ತರ, ಆ ಎತ್ತರಕ್ಕೆ ತಕ್ಕಂತೆ ಮೇಲಂತಸ್ತಿನ ಕಿಟಕಿಗಳೂ ನೀಳ. ಮೇಲೆ ವಕೀಲರು, ಹಲ್ಲಿನ ಡಾಕ್ಟರು, ಫೋಟೋ ಸ್ಟುಡಿಯೋ ಇರುತ್ತಿದ್ದವು. ಮೇಸನ್ನರು, ಆಡ್ ಫೆಲೋಸ್ ಮುಂತಾದ ಸಂಘದವರ ಸಭಾಂಗಣಗಳಿರುತ್ತಿದ್ದವು. ಎಷ್ಟೋ ಕಡೆ ಅಂಗಡಿಯವನ ಸಂಸಾರವೂ ಅಲ್ಲೇ.

ನಮ್ಮ ತಂದೆ ತಿಪಟೂರು ಕಡೆಯ ಗಾರೆ ಮೇಸ್ತ್ರಿ, ಕರಣೆ ಹಿಡಿದೇ ನಮ್ಮನ್ನು ಓದಿಸಿದವರು. ಅವರು ಇಲ್ಲಿಗೆ ಬಂದಾಗ ಈರೋ ಸಾರಿನೆನ್ನರ ಬ್ಯಾಂಕನ್ನು ಮರ್ಯಾದೆಗೆಂಬಂತೆ ಒಂದು ಸುತ್ತು ಹಾಕಿ, ಆಮೇಲೆ ವಾಷಿಂಗ್ಟನ್ ಬೀದಿಯ ಒಂದು ಕಟ್ಟಡದ ಪಕ್ಕದ ಗೋಡೆಗೆ ಹೋಗಿ ನಿಂತುಬಿಟ್ಟರು. ಇಟ್ಟಿಗೆಗಳ ನಡುವಿನ ಸಂದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

“ಇದು ಸುಣ್ಣದ ಗಾರೆ ಕಣಮ್ಮ. ಸಿಮೆಂಟಲ್ಲ.”

“ಅಷ್ಟು ಹಳೇ ಗೋಡೆ ಅಪ್ಪಾ, ಸಿಮೆಂಟ್ ಹಾಕಿ ಗಟ್ಟಿ ಮಾಡಬಾರದಾ?”

“ಮಾಡಿದ್ರೆ ಇಟ್ಟಿಗೆ ಸತ್ತೋಗುತ್ತೆ. ಅಲ್ ನೋಡು.”

ಅವರು ತೋರಿಸಿದ ಕಡೆ, ಯಾವುದೋ ಕಾಲದಲ್ಲಿ ಸಿಮೆಂಟಿನಿಂದ ಪಾಯಿಂಟಿಂಗ್ ಮಾಡಿದ ಜಾಗದಲ್ಲಿ, ಸಂದಿ ಹಾಗೇ ಗಟ್ಟಿಯಾಗಿ ನಿಂತಿತ್ತು. ಸುತ್ತಲಿನ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರಿತ್ತು. ಹಿಮ ಬೀಳುವುದನ್ನು ಕಾಣದ ಊರಿನವರು ಅವರು. ಆದರೂ ಕಾರಣವನ್ನು ಸರಿಯಾಗಿ ಊಹಿಸಿದರು. ಆ ಕಾಲದ ಇಟ್ಟಿಗೆ ಮೆದು, ನೀರು ಕುಡಿಯುತ್ತದೆ. ಸುಣ್ಣದ ಗಾರೆ ಅದಕ್ಕಿಂತ ಮೆದುವಾಗಿದ್ದರೆ ಆ ನೀರು ಸಂದಿಯ ಮೂಲಕ ಆರಿಹೋಗುತ್ತದೆ, ಸವೆತವನ್ನೂ ಸಂದಿಯೇ ಹೊರುತ್ತದೆ. ಸಂದಿಗೆ ಸಿಮೆಂಟು ಬಿಗಿದರೆ ನೀರು ಇಟ್ಟಿಗೆಯೊಳಗೇ ಉಳಿದು, ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ಹಿಗ್ಗಿ, ಮುಖವನ್ನು ಸಿಡಿಸುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯವರು ಹಳೆಯ ಕಟ್ಟಡಗಳ ರಿಪೇರಿಗೆಂದು ಪ್ರಕಟಿಸಿರುವ ಕೈಪಿಡಿ ಸಾಲಿನಲ್ಲಿ ಎರಡನೆಯದೇ ಈ ಪಾಯಿಂಟಿಂಗ್ ಕುರಿತದ್ದು. ಅಪ್ಪ ಹೇಳಿದ್ದನ್ನೇ ಅದೂ ಹೇಳುತ್ತದೆ.

ಬೀದಿಯ ದಕ್ಷಿಣ ತುದಿಯಲ್ಲಿ 1874ರ ನ್ಯಾಯಾಲಯ. ಐಸಾಕ್ ಹಾಜ್‌ಸನ್ ಎಂಬ, ಐರ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಅದನ್ನು ಫ್ರಾನ್ಸಿನ ಮೂರನೇ ನೆಪೋಲಿಯನ್ ಕಾಲದ ಶೈಲಿಯಲ್ಲಿ ರೂಪಿಸಿದರು. ಕೆಂಪು ಇಟ್ಟಿಗೆಗೆ ಸುಣ್ಣದ ಕಲ್ಲಿನ ಅಂಚು, ಕಡಿದಾದ ಛಾವಣಿ, ಮೇಲೆ ಗಡಿಯಾರದ ಗೋಪುರ. ಈ ಸುಣ್ಣದ ಕಲ್ಲು ದಕ್ಷಿಣ ಇಂಡಿಯಾನಾದ ಹೆಮ್ಮೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಇಲ್ಲಿಂದಲೇ ಹೋಯಿತು. ಹೆದ್ದಾರಿಯಿಂದ ಊರಿಗೆ ಬರುವ ದಾರಿಯಲ್ಲಿ 1999ರಲ್ಲಿ ಕೆಂಪು ಬಣ್ಣದ ತೂಗುಹಗ್ಗದ ಸೇತುವೆ ಕಟ್ಟಿದಾಗ, ಅದರ ಕಂಬಗಳ ನಡುವೆ ನ್ಯಾಯಾಲಯದ ಗೋಪುರ ನೇರ ಕಾಣುವಂತೆ ಜೋಡಿಸಿದರು. 1981ರ ಪುರಸಭೆ ಕಟ್ಟಡವನ್ನೂ ಓರೆಯಾಗಿ ಕೂರಿಸಿ ಅದರ ಬಾಗಿಲು ನ್ಯಾಯಾಲಯದ ಕಡೆ ನೋಡುವಂತೆ ಮಾಡಿದರು. ಹೊಸದಾಗಿ ಬಂದವರು ಹಿರಿಯರ ಕಡೆ ಮುಖ ಮಾಡಿ ನಿಲ್ಲುವ ಈ ರೀತಿ ನನಗೆ ಬಹಳ ಹಿಡಿಸುತ್ತದೆ.

ವಾಷಿಂಗ್ಟನ್ ಬೀದಿಯ 301ನೇ ನಂಬರಿನ ಮನೆತನದಿಂದಲೇ ಈ ಊರಿನ ಮುಂದಿನ ಇತಿಹಾಸ ಹೊರಟಿತು. ಜೋಸೆಫ್ ಅರ್ವಿನ್ ಬಟ್ಟೆ ವ್ಯಾಪಾರಿ. ಅವರ ಅಂಗಡಿಯಲ್ಲಿ ಭದ್ರವಾದ ತಿಜೋರಿ ಇತ್ತು. ರೈತರು ತಮ್ಮ ದುಡ್ಡನ್ನು ಅದರಲ್ಲಿ ಇಟ್ಟುಕೊಳ್ಳಿ ಎಂದು ಕೊಡುತ್ತಾ ಬಂದರು. ಹಾಗೆ 1871ರಲ್ಲಿ ಬ್ಯಾಂಕು ಆಯಿತು, 1881ರಲ್ಲಿ ಅದಕ್ಕೆ ಇಟ್ಟಿಗೆಯ ಸ್ವಂತ ಕಟ್ಟಡವಾಯಿತು. ಮಗ ವಿಲಿಯಂ ಅರ್ವಿನ್ ಅವರ ಕಾರು ಓಡಿಸುತ್ತಿದ್ದವರು ಕ್ಲೆಸ್ಸಿ ಕಮಿನ್ಸ್. ಯಂತ್ರದ ಹುಚ್ಚಿದ್ದ ಆ ಚಾಲಕನಿಗೆ ಮಾಲೀಕರು ಬಂಡವಾಳ ಕೊಟ್ಟರು. 1919ರಲ್ಲಿ ಹುಟ್ಟಿದ ಆ ಡೀಸೆಲ್ ಎಂಜಿನ್ ಕಂಪನಿಗೇ ಇಂದು ಭಾರತದಿಂದ ಇಷ್ಟೊಂದು ಎಂಜಿನಿಯರುಗಳು ಬರುತ್ತಿರುವುದು, ಅವರ ಮನೆಗಳಲ್ಲಿ ಕನ್ನಡದ ಮಾತು ಕೇಳಿಸುತ್ತಿರುವುದು.

ಅದೇ ಮಗ್ಗುಲಿನಲ್ಲಿ, 329ನೇ ನಂಬರಿನಲ್ಲಿ, ಜಹರಾಕೋಸ್. ಗ್ರೀಸಿನಿಂದ ಬಂದ ಅಣ್ಣತಮ್ಮಂದಿರು 1900ರ ಅಕ್ಟೋಬರಿನಲ್ಲಿ ತೆರೆದ ಮಿಠಾಯಿ ಮತ್ತು ಐಸ್‌ಕ್ರೀಂ ಅಂಗಡಿ. ನನ್ನ ಮಕ್ಕಳಿಗೆ ಊರಿನ ಇತಿಹಾಸ ನಾಲಿಗೆಗೆ ಹತ್ತಿದ್ದು ಇಲ್ಲಿ. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ವಿಶ್ವ ಮೇಳದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಓನಿಕ್ಸ್ ಶಿಲೆಯ ಸೋಡಾ ಫೌಂಟನ್‌ಗಳನ್ನು ಆ ಸೋದರರು ಕೊಂಡು ತಂದರು. ಅವುಗಳ ಹಿಂದೆ ಕೆತ್ತನೆಯ ಮರ, ಕನ್ನಡಿ. 1908ರಲ್ಲಿ ಜರ್ಮನಿಯ ವೆಲ್ಟೆ ಕಂಪನಿಯ ಆರ್ಕೆಸ್ಟ್ರಿಯನ್ ತರಿಸಿದರು. ಕೊಳವೆ, ತಮಟೆ, ತಾಳ ಎಲ್ಲವನ್ನೂ ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಸುವ ಆಳೆತ್ತರ ಮೀರಿದ ಪೆಟ್ಟಿಗೆ ಅದು. ಇಡೀ ವಾದ್ಯಮೇಳವನ್ನು ಕೇಳಲು ದೊಡ್ಡ ನಗರಕ್ಕೆ ಹೋಗಲಾಗದ ರೈತ ಸಂಸಾರಗಳು ಶನಿವಾರದ ಸಂತೆ ಮುಗಿಸಿ ಇಲ್ಲಿ ಕೂತು ಕೇಳಿರಬೇಕು. 2006ರಲ್ಲಿ ಅಂಗಡಿ ಮುಚ್ಚಿತು. ಊರಿನವರೇ ಒಬ್ಬರು ಕೊಂಡು, ದುರಸ್ತಿ ಮಾಡಿಸಿ, 2009ರಲ್ಲಿ ಮತ್ತೆ ತೆರೆದರು. ವಸ್ತುಸಂಗ್ರಹಾಲಯದ ಹಾಗೆ ಹಗ್ಗ ಕಟ್ಟಿ ನಿಲ್ಲಿಸದೆ, ಅದೇ ಕಲ್ಲಿನ ಕಟ್ಟೆಯ ಮೇಲೆ ಇಂದಿಗೂ ಐಸ್‌ಕ್ರೀಂ ಇಟ್ಟು ಕೊಡುತ್ತಾರೆ. ಅದನ್ನೇ ನಾನು ಹೆಚ್ಚು ಮೆಚ್ಚುವುದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ಬೀದಿಗಳಿಗೆ ಕೇಡುಗಾಲ ಬಂತು. ಕಾರು ಮನೆಮನೆಗೆ ಬಂದಿತು, ಊರಾಚೆ ನಿಲುಗಡೆಗೆ ಜಾಗವಿರುವ ಅಂಗಡಿ ಸಮುಚ್ಚಯಗಳು ಎದ್ದವು. ಪೇಟೆಯ ವ್ಯಾಪಾರಿಗಳು ಹೆದರಿದರು. ಹೊಸದಾಗಿ ಕಾಣಬೇಕೆಂದು ದೇಶದುದ್ದಕ್ಕೂ ಊರೂರಲ್ಲಿ ಇಟ್ಟಿಗೆಯ ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಹೊಡೆಸಿದರು, ಕಾರ್ನಿಸು ಕಿತ್ತರು, ನೀಳ ಕಿಟಕಿಗಳನ್ನು ಹಲಗೆಯಿಂದ ಮುಚ್ಚಿದರು. ಇನ್ನು ಕೆಲವು ಊರುಗಳು ಇಡೀ ಸಾಲನ್ನೇ ಕೆಡವಿ ಕಾರು ನಿಲ್ಲಿಸುವ ಬಯಲು ಮಾಡಿದವು.

ಕೊಲಂಬಸ್‌ನಲ್ಲಿ ಆಗ ಎಂಜಿನ್ ಕಂಪನಿಯನ್ನೂ ಬ್ಯಾಂಕನ್ನೂ ನಡೆಸುತ್ತಿದ್ದವರು ಜೆ. ಅರ್ವಿನ್ ಮಿಲ್ಲರ್, ಜೋಸೆಫ್ ಅರ್ವಿನ್ ಅವರ ಮೊಮ್ಮಗಳ ಮಗ. ಅವರ ದಾನದ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ಸಾರ್ವಜನಿಕ ಕಟ್ಟಡ ಕಟ್ಟುವಾಗ, ತಜ್ಞರು ಆರಿಸಿದ ಪಟ್ಟಿಯಿಂದ ವಾಸ್ತುಶಿಲ್ಪಿಯನ್ನು ಗೊತ್ತುಮಾಡಿಕೊಂಡರೆ ಆ ವಾಸ್ತುಶಿಲ್ಪಿಯ ಶುಲ್ಕವನ್ನು ಕಮಿನ್ಸ್ ಪ್ರತಿಷ್ಠಾನ ಕೊಡುತ್ತದೆ. 1957ರ ಸುಮಾರಿಗೆ ಶಾಲೆಗಳಿಂದ ಶುರುವಾಗಿ ಅಗ್ನಿಶಾಮಕ ಠಾಣೆಗಳವರೆಗೆ ಇದು ಹಬ್ಬಿತು. ಅದಕ್ಕೂ ಮೊದಲು, 1954ರಲ್ಲಿ, ಈರೋ ಸಾರಿನೆನ್ ಅವರಿಂದ ಮಿಲ್ಲರ್ ಕಟ್ಟಿಸಿದ ಬ್ಯಾಂಕು ಇಟ್ಟಿಗೆ ಕಟ್ಟಡಗಳ ನಡುವೆ ಗಿಡಮರದೊಳಗೆ ತಗ್ಗಾಗಿ ಕೂತ ಗಾಜಿನ ಮಂಟಪ. ಛಾವಣಿಯ ಮೇಲೆ ಒಂಬತ್ತು ಪುಟ್ಟ ಗುಮ್ಮಟಗಳು. ನೆರೆಯವರಿಗಿಂತ ಎತ್ತರಕ್ಕೆ ಏರುವ ಹಟ ಅದಕ್ಕೆ ಇರಲಿಲ್ಲ.

ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುವ ಕೆಲಸವೊಂದಿದೆ. 1960ರ ದಶಕದ ಆರಂಭದಲ್ಲಿ ಮಿಲ್ಲರ್ ಅವರ ಒತ್ತಾಸೆಯಿಂದ ಅಲೆಕ್ಸಾಂಡರ್ ಗಿರಾರ್ಡ್ ವಾಷಿಂಗ್ಟನ್ ಬೀದಿಗೆ ಬಂದರು. ಗಿರಾರ್ಡ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಇಟಲಿಯ ಫ್ಲಾರೆನ್ಸಿನಲ್ಲಿ. ಬಟ್ಟೆ, ಬಣ್ಣ, ಜನಪದ ಬೊಂಬೆಗಳ ಮೋಹದವರು. 1955ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ವಸ್ತುಸಂಗ್ರಹಾಲಯದಲ್ಲಿ ಭಾರತದ ಜವಳಿ ಮತ್ತು ಆಭರಣ ಕಲೆಯ ದೊಡ್ಡ ಪ್ರದರ್ಶನ ನಡೆದಾಗ ಅದನ್ನು ಜೋಡಿಸಿದವರು ಇವರೇ. ನಮ್ಮ ಸೀರೆಗಳ ಬಣ್ಣ ನೋಡಿದ ಕಣ್ಣು ಆಮೇಲೆ ಇಂಡಿಯಾನಾದ ಈ ಇಟ್ಟಿಗೆ ಬೀದಿಯನ್ನು ನೋಡಿತು ಎಂಬುದು ನನಗೆ ಪ್ರಿಯವಾದ ಸಂಗತಿ.

ಅವರು ಏನನ್ನೂ ಕೆಡವಲು ಹೇಳಲಿಲ್ಲ. ಒಂದೊಂದೇ ಅಂಗಡಿಯ ಮುಂಭಾಗವನ್ನು ಗಮನಿಸಿ, ಕಿಟಕಿಯ ಹುಬ್ಬಿಗೆ ಯಾವ ಬಣ್ಣ, ಕಾರ್ನಿಸಿಗೆ ಯಾವುದು, ಗೋಡೆಗೆ ಯಾವುದು, ಅಂಗಡಿಯ ಬೋರ್ಡು ಎಷ್ಟು ದೊಡ್ಡದಿರಬೇಕು, ಮುಂದಿನ ಚಪ್ಪರದ ಬಟ್ಟೆ ಹೇಗಿರಬೇಕು ಎಂದು ಗುರುತು ಹಾಕಿದರು. ಒಂದಕ್ಕೊಂದು ಹೊಂದುವ ಇಪ್ಪತ್ತಕ್ಕೂ ಹೆಚ್ಚು ಬಣ್ಣಗಳನ್ನು ಆರಿಸಿಕೊಟ್ಟರು. ಅಕ್ಕಪಕ್ಕದ ಎರಡು ಅಂಗಡಿ ಬೇರೆ ಬೇರೆ ಬಣ್ಣದಲ್ಲಿದ್ದರೂ ಇಡೀ ಸಾಲು ಒಂದೇ ಬಳಗವೆಂದು ಕಾಣಬೇಕಿತ್ತು. ವರ್ಷ ಯಾವುದೆಂದು ನೆನಪಿಡಿ. ಆಗ ಈ ದೇಶದಲ್ಲಿ ವಿಕ್ಟೋರಿಯಾ ಕಾಲದ ಅಂಗಡಿ ಮುಖ ಎಂದರೆ ಹಳೇ ಕಸ. ಹಳೆಯ ಪೇಟೆ ಬೀದಿಗಳನ್ನು ಉಳಿಸಿ ವ್ಯಾಪಾರ ಬೆಳೆಸುವ ಮೇನ್ ಸ್ಟ್ರೀಟ್ ಯೋಜನೆಯನ್ನು ರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಮೂರು ಊರುಗಳಲ್ಲಿ ಪ್ರಯೋಗಕ್ಕೆ ತಂದದ್ದು 1977ರಲ್ಲಿ. ಆ ಮೂರರಲ್ಲಿ ಒಂದು, ಕೊಲಂಬಸ್‌ಗೆ ರೈಲು ಕಳಿಸಿದ ಅದೇ ಮ್ಯಾಡಿಸನ್. ಗಿರಾರ್ಡ್ ಅದಕ್ಕೂ ಹತ್ತು ವರ್ಷಕ್ಕಿಂತ ಮೊದಲೇ ಬಣ್ಣದ ಡಬ್ಬಿಯಿಂದ ಅದೇ ಕೆಲಸ ಶುರುಮಾಡಿದ್ದರು.

ಆದರೆ ಇದೇ ಊರು, ಇದೇ ಮನೆತನ, ಇದೇ ಬೀದಿಯಲ್ಲಿ ಪೂರ್ತಿ ಉಲ್ಟಾ ದಾರಿಯನ್ನೂ ಹಿಡಿಯಿತು. 1972ರಲ್ಲಿ ಗಿರಾರ್ಡ್ 301ನೇ ನಂಬರಿನ ಹಳೆಯ ಬ್ಯಾಂಕನ್ನು ಮಿಲ್ಲರ್ ಅವರ ಕಚೇರಿಯಾಗಿ ನವೀಕರಿಸಿದರು. ಹೊರಗೆ 1881ರ ಮುಖ ಹಾಗೇ ಉಳಿಯಿತು. 1973ರಲ್ಲಿ, ಸರಿಯಾಗಿ ಅದರ ಎದುರು ಮಗ್ಗುಲಲ್ಲಿ, ಎರಡು ಬ್ಲಾಕುಗಳನ್ನು ಒಂದು ಮಾಡಿ ಕಂದು ಗಾಜಿನ ಒಂದೇ ದೊಡ್ಡ ಕಟ್ಟಡ ಎದ್ದಿತು. ಒಳಗೆ ಮಾಲ್, ಸಿಯರ್ಸ್ ಅಂಗಡಿ, ಊರಿನವರೆಲ್ಲ ಕೂಡಲು ಕಾಮನ್ಸ್ ಎಂಬ ಪಡಸಾಲೆ. ರೂಪಿಸಿದವರು ಮುಂದೆ ಕೌಲಾಲಂಪುರದ ಪೆಟ್ರೋನಾಸ್ ಗೋಪುರಗಳಿಂದ ಲೋಕಪ್ರಸಿದ್ಧರಾದ ಸೆಸಾರ್ ಪೆಲಿ. ಉದ್ದೇಶ ಒಳ್ಳೆಯದೇ. ದೊಡ್ಡ ಅಂಗಡಿ ಪೇಟೆ ಬಿಟ್ಟು ಹೋಗಬಾರದು, ಕೊರೆಯುವ ಚಳಿಯಲ್ಲಿ ಮಕ್ಕಳಿಗೆ ಆಡಲು ಸೂರಿನ ಜಾಗ ಬೇಕು ಎಂಬುದು. ಜನ ಕಾಮನ್ಸನ್ನು ಪ್ರೀತಿಸಿದರು. ಒಳಗೆ ಜಾನ್ ಟಿಂಗ್ಲಿ ಎಂಬ ಸ್ವಿಸ್ ಕಲಾವಿದ ಹಳೆಯ ಲೋಹದ ಸಾಮಾನುಗಳಿಂದ ಕಟ್ಟಿದ, ಚಲಿಸುವ, ಏಳು ಟನ್ ತೂಕದ ‘ಕೇಯಾಸ್’ ಶಿಲ್ಪದ ಮುಂದೆ ಮಕ್ಕಳು ಈಗಲೂ ಬಾಯಿ ಬಿಟ್ಟು ನಿಲ್ಲುತ್ತಾರೆ. ಆದರೂ ಬೀದಿಯಲ್ಲಿ ನಡೆಯುವವಳಾಗಿ ಹೇಳುತ್ತೇನೆ, ಹತ್ತಾರು ಬಾಗಿಲು ಇರಬೇಕಾದ ಕಡೆ ಉದ್ದಕ್ಕೂ ಕಂದು ಗಾಜು ಬಂದರೆ ಬೀದಿಯ ಒಂದು ಮಗ್ಗುಲೇ ಹೋದಂತೆ. 2008ರಲ್ಲಿ ಅದರ ಬಹುಭಾಗವನ್ನು ಕೆಡವಿದರು. ಟಿಂಗ್ಲಿಯ ಶಿಲ್ಪವನ್ನು ಇದ್ದಲ್ಲೇ ಕಾಪಾಡಿಕೊಂಡು, 2011ರಲ್ಲಿ ಹೊಸ ಕಾಮನ್ಸ್ ತೆರೆದರು. ಕಂದು ಗಾಜಿನ ಮಾಲ್ ಬಾಳಿದ್ದು ಮೂವತ್ತೈದು ವರ್ಷ. ಎದುರಿನ ಇಟ್ಟಿಗೆ ಬ್ಯಾಂಕಿಗೆ ಆಗಲೇ ನೂರಿಪ್ಪತ್ತೇಳು.

ಹಳೆಯದನ್ನು ಒಳಗಿಟ್ಟುಕೊಂಡು ಹೊಸದು ಕಟ್ಟಬಹುದು ಎಂಬುದಕ್ಕೆ ನನ್ನ ಗಂಡನ ಕಚೇರಿಯೇ ಸಾಕ್ಷಿ. 1980ರ ದಶಕದಲ್ಲಿ ಕೆವಿನ್ ರೋಚ್ ಕಮಿನ್ಸ್ ಕಂಪನಿಯ ಕೇಂದ್ರ ಕಚೇರಿಯನ್ನು ಪೇಟೆಯ ಅಂಚಿನಲ್ಲೇ ಕಟ್ಟಿದರು. ಅಲ್ಲಿ ಸೀರಿಯಲೀನ್ ಎಂಬ ಹಳೆಯ ಇಟ್ಟಿಗೆ ಗಿರಣಿ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಜೋಳವನ್ನು ತೆಳು ಪದರವಾಗಿ ಒತ್ತಿ ಡಬ್ಬಿಯಲ್ಲಿ ಮಾರುತ್ತಿದ್ದ ಗಿರಣಿ, ಕಂಪನಿಯ ಬಾಲ್ಯಕ್ಕೂ ನಂಟಿದ್ದ ಜಾಗ. ಬೆಳೆದ ಮರಗಳನ್ನು ಉಳಿಸಿಕೊಂಡಂತೆ ಆ ಗಿರಣಿಯನ್ನೂ ರೋಚ್ ಉಳಿಸಿಕೊಂಡು, ಹೊಸ ಕಟ್ಟಡ ಅದನ್ನು ಸುತ್ತುವರಿಯುವಂತೆ ಮಾಡಿದರು.

ಇನ್ನು ಆಗಬೇಕಾದ ಕೆಲಸ ಮೇಲಂತಸ್ತುಗಳದ್ದು. ಮಿಡ್‌ವೆಸ್ಟಿನ ಯಾವ ಪೇಟೆಗೆ ಹೋದರೂ ಕೆಳಗೆ ಕಾಫಿ ಅಂಗಡಿ, ಮೇಲೆ ಖಾಲಿ ಕೋಣೆ. ಬೆಂಕಿ ನಿಯಮದಂತೆ ಎರಡನೇ ಮೆಟ್ಟಿಲು ಬೇಕು, ಲಿಫ್ಟು ಬೇಕು. ಇಕ್ಕಟ್ಟಾದ ಒಂದು ಕಟ್ಟಡದ ಬಾಡಿಗೆಯಲ್ಲಿ ಆ ಖರ್ಚು ಹುಟ್ಟುವುದಿಲ್ಲ. ಐತಿಹಾಸಿಕವೆಂದು ಮಾನ್ಯವಾದ, ಬಾಡಿಗೆ ಬರುವ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ. 20ರಷ್ಟನ್ನು ಕೇಂದ್ರ ಸರ್ಕಾರ ತೆರಿಗೆಯಲ್ಲಿ ಬಿಡುತ್ತದೆ. ಅಕ್ಕಪಕ್ಕದ ಎರಡು ಮೂರು ಮಾಲೀಕರು ಒಪ್ಪಿ, ನಡುಗೋಡೆಯಲ್ಲಿ ಬಾಗಿಲು ತೆರೆದು, ಒಂದೇ ಮೆಟ್ಟಿಲು ಒಂದೇ ಲಿಫ್ಟನ್ನು ಹಂಚಿಕೊಂಡರೆ ಲೆಕ್ಕ ಕೂಡುತ್ತದೆ. ಎಂಜಿನ್ ಕಂಪನಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಕಾರಿಲ್ಲದೆ ಒದ್ದಾಡುವುದನ್ನು ನೋಡುತ್ತಿರುತ್ತೇನೆ. ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎತ್ತರದ ಸೂರು ಮತ್ತು ನೀಳ ಕಿಟಕಿಗಳ ಆ ಕೋಣೆಗಳಿಗೆ ಬಾಡಿಗೆದಾರರು ಸಿಗದೆ ಹೋಗಲಾರರು.